ತಾಳವಾಡಿ ಇರುವುದು ತಮಿಳುನಾಡಿನಲ್ಲಿ, ಆದರೂ ಜನ ಕನ್ನಡ ಮಾತಾಡುವುದು ಯಾಕೆ?

ಯಾಕಂದ್ರೆ ತಾಳವಾಡಿ ಮೈಸೂರು ಸೀಮೆಯ ಎತ್ತರದ ಬಯಲಿನದೇ ಒಂದು ತುಂಡು. ಚಾಮರಾಜನಗರದಿಂದ ಹೋದರೆ ದೊಡ್ಡ ಘಾಟಿ ಸಿಗುವುದಿಲ್ಲ. ಸತ್ಯಮಂಗಲದ ಕಡೆಯಿಂದಾದರೆ ಕಾಡಿನ ನಡುವೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಹತ್ತಬೇಕು. ಹಾಗಾಗಿ ಒಡನಾಟ, ನೆಂಟಸ್ತಿಕೆ ಚಾಮರಾಜನಗರದ ಕಡೆಗೇ ಜಾಸ್ತಿ.

ಗಡಿ ಮಾತ್ರ ಹಾಗೆ ಬೀಳಲಿಲ್ಲ. ಬ್ರಿಟಿಷರ ಕಾಲದಲ್ಲಿ ಇದು ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಅದೇ ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಅಲ್ಲೇ ಉಳಿದುಬಿಟ್ಟಿತು. ಈಗ ಈರೋಡ್ ಜಿಲ್ಲೆ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇಲ್ಲೇ ಅಲ್ವಾ!

ದೀಪಾವಳಿ ಆದಮೇಲೆ ಒಮ್ಮೆ ಇದೇ ತಾಳವಾಡಿ ಸೀಮೆಯ ಗುಮಟಾಪುರ ಊರಿಗೆ ಹೋಗಿ. ಬೀರೇಶ್ವರನ ಗುಡಿ ಹತ್ತಿರ ಸಗಣಿ ರಾಶಿ ಹಾಕಿ, ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುವ ಗೊರೆ ಹಬ್ಬ ನಡೆಯುತ್ತದೆ. ಅಲ್ಲಿ ಕಿವಿಗೆ ಬೀಳುವುದು ಕನ್ನಡವೇ.