ರಾತ್ರಿ ಮೂರಕ್ಕೆ ಎಚ್ಚರವಾದಾಗ

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ, ಅದಕ್ಕೇ ತಡ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಎರಡು ತಿಂಗಳಿಂದ ನಿಮಗೆ ಯಾವುದರಲ್ಲೂ ಮನಸ್ಸಿಲ್ಲ. ಒಂಬತ್ತಕ್ಕೇ ಹಾಸಿಗೆ ಸೇರುತ್ತೀರಿ, ಹನ್ನೆರಡರವರೆಗೆ ಹೊರಳಾಡುತ್ತೀರಿ, ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆಯೇ ಇಲ್ಲ. ರಜೆಯ ದಿನ ಮಾತ್ರ ಹತ್ತು ಗಂಟೆಯವರೆಗೆ ಮಲಗಿರುತ್ತೀರಿ. ನಿದ್ದೆ ಬರಿಸಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಿದ್ದೆಯನ್ನು ಎಳೆದು ತರೋಕೆ ಆಗಲ್ಲ. ಎಷ್ಟು ಹಟ ಹಿಡಿದರೆ ಅಷ್ಟು ದೂರ ಹೋಗುತ್ತದೆ. ನನ್ನ ಅಣ್ಣ ತೀರಿಕೊಂಡ ವರ್ಷ ನಾನೂ ಹೀಗೇ ಮಲಗಿರುತ್ತಿದ್ದೆ. ತಲೆ ಹತ್ತಿರದ ಗಡಿಯಾರದಲ್ಲಿ ಹಸಿರು ಅಂಕಿಗಳು. 3:12. ಈಗ ನಿದ್ದೆ ಹತ್ತಿದರೂ ಇನ್ನು ಮೂರು ಗಂಟೆ ಸಿಗುತ್ತದೆ ಅಂತ ಲೆಕ್ಕ ಹಾಕುವುದು. ಮತ್ತೆ ನೋಡಿದರೆ 3:40, ಮತ್ತೆ ಲೆಕ್ಕ. ಎದೆ ಡವಗುಟ್ಟುತ್ತಿತ್ತು. ಒಂದು ರಾತ್ರಿ ಎದ್ದು ಆ ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಟ್ಟೆ. ನಿದ್ದೆ ಅವತ್ತೇ ಬರಲಿಲ್ಲ, ಆದರೆ ಲೆಕ್ಕ ಅವತ್ತೇ ನಿಂತಿತು. ಇವತ್ತು ರಾತ್ರಿ ನೀವು ಮೊದಲು ಮಾಡಬೇಕಾದದ್ದು ಅದು. ಫೋನು ಬೇರೆ ಕೋಣೆಯಲ್ಲಿರಲಿ.

ಮೂರಕ್ಕೇ ಯಾಕೆ ಎಚ್ಚರ? ಗಾಢ ನಿದ್ದೆಯೆಲ್ಲ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲೇ ಮುಗಿದಿರುತ್ತದೆ. ಆಮೇಲಿನ ನಿದ್ದೆ ತೆಳು, ಕನಸು ಜಾಸ್ತಿ, ಮೈ ಆಗಲೇ ಬೆಳಗಿಗೆ ತಯಾರಾಗುತ್ತಿರುತ್ತದೆ. ಎಲ್ಲರಿಗೂ ರಾತ್ರಿ ನಾಲ್ಕಾರು ಸಲ ಎಚ್ಚರವಾಗುತ್ತದೆ, ಮಗ್ಗುಲು ಬದಲಿಸಿ ಮರೆತುಬಿಡುತ್ತಾರೆ ಅಷ್ಟೆ. ಮನಸ್ಸು ಭಾರವಾಗಿದ್ದಾಗ ಆ ಸಣ್ಣ ಎಚ್ಚರದಲ್ಲೇ ಚಿಂತೆ ಬಂದು ಹಿಡಿದುಕೊಳ್ಳುತ್ತದೆ. ಖಿನ್ನತೆಯಲ್ಲಿ ಹೀಗೆ ಬೇಗ ಎಚ್ಚರವಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ. ನಿಮ್ಮ ಮನೋಬಲ ಕಡಿಮೆಯಾಯಿತು ಅಂತ ಅಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ಒಂಬತ್ತಕ್ಕೆ ಮಲಗುವುದನ್ನು ಬಿಡಿ. ಎಚ್ಚರವಾಗಿದ್ದಷ್ಟು ಹೊತ್ತೂ ಮೈಯಲ್ಲಿ ನಿದ್ದೆಯ ಒತ್ತಡ ಕೂಡಿಕೊಳ್ಳುತ್ತಾ ಹೋಗುತ್ತದೆ. ಬೇಗ ಮಲಗಿದರೆ ಅದು ಇನ್ನೂ ತುಂಬಿರುವುದಿಲ್ಲ, ತಡವಾಗಿ ಎದ್ದರೆ ರಾತ್ರಿಗೆ ಸಾಲುವುದಿಲ್ಲ. ಹನ್ನೊಂದರ ಹೊತ್ತಿಗೆ, ಕಣ್ಣು ಎಳೆಯುತ್ತಿರುವಾಗ ಹೋಗಿ ಮಲಗಿ. ದಣಿವೇ ಬೇರೆ, ತೂಕಡಿಕೆಯೇ ಬೇರೆ. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೀರಿ ಅಂದರೆ ಅದು ತೂಕಡಿಕೆ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ರಜೆಯ ದಿನವೂ ಒಂದೇ ಇರಲಿ. ಇದು ಕಷ್ಟ, ಗೊತ್ತು. ಖಿನ್ನತೆಯಲ್ಲಿ ಬೆಳಗಿನ ಹೊತ್ತು ಎಷ್ಟು ಭಾರ ಅಂತ ನೋಡಿದವನು ನಾನು. ಆದರೂ ನಾನು ಹೇಳಿದ್ದರಲ್ಲಿ ಒಂದನ್ನೇ ಮಾಡುವಷ್ಟು ಶಕ್ತಿ ಇದ್ದರೆ ಇದನ್ನೇ ಮಾಡಿ, ಎದ್ದ ಮೇಲೆ ಸ್ವಲ್ಪ ಹೊತ್ತು ಹೊರಗಿನ ಬೆಳಕಿನಲ್ಲಿರಿ. ಇಪ್ಪತ್ತು ನಿಮಿಷ ಸಾಕು.

ಮಲಗಿ ಇಪ್ಪತ್ತು ನಿಮಿಷವಾಯಿತು ಅನ್ನಿಸಿದರೂ ನಿದ್ದೆ ಇಲ್ಲವೇ? ಎದ್ದುಬಿಡಿ. ಕುರ್ಚಿ, ಮಂದ ಬೆಳಕು, ಆತುರವಿಲ್ಲದ ಯಾವುದಾದರೂ ಪುಸ್ತಕ. ತೂಕಡಿಕೆ ಬಂದ ಮೇಲೆ ವಾಪಸ್ ಹಾಸಿಗೆಗೆ. ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲೇ ಹೇಳಿದ್ದು ಇದು. ದಿನಾ ಹಾಸಿಗೆಯಲ್ಲಿ ಹೊರಳಾಡಿದರೆ, ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತಲೇ ಮೈ ಕಲಿತುಬಿಡುತ್ತದೆ. ಏಳೋಕೇ ಆಗದ ರಾತ್ರಿ ಇರುತ್ತದೆ, ಅವತ್ತು ದಿಂಬಿಗೆ ಒರಗಿ ಎದ್ದು ಕುಳಿತರೂ ಆಯಿತು.

ಮೂರು ಗಂಟೆಯ ಯೋಚನೆಗಳು ತೀರ್ಪು ಕೊಟ್ಟ ಹಾಗೆ ಬರುತ್ತವೆ. ಒಂದು ಚೀಟಿಯಲ್ಲಿ ಬರೆದಿಟ್ಟು ಬೆಳಿಗ್ಗೆ ಹತ್ತಕ್ಕೆ ನೋಡಿ. ಕೆಲಸ ಬಿಡುವುದು, ಸಂಬಂಧ ಮುರಿಯುವುದು, ಯಾವುದನ್ನೂ ಆ ಹೊತ್ತಿನಲ್ಲಿ ತೀರ್ಮಾನಿಸಬೇಡಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಕುಡಿದ ಐದಾರು ಗಂಟೆಯ ನಂತರವೂ ಅದರ ಕೆಫೀನಿನಲ್ಲಿ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ನಿದ್ದೆಗೆಂದು ಮದ್ಯವಂತೂ ಬೇಡವೇ ಬೇಡ, ಬೇಗ ಮಲಗಿಸಿ ನಡುರಾತ್ರಿ ಎಬ್ಬಿಸುತ್ತದೆ.

ಇಷ್ಟೆಲ್ಲ ಹೇಳಿದರೂ ಇದು ವೈದ್ಯರ ಬದಲಿಗೆ ಅಲ್ಲ. ಎರಡು ತಿಂಗಳು ತುಂಬಾ ಜಾಸ್ತಿ ಆಯಿತು. ವೈದ್ಯರ ಹತ್ತಿರ ಹೋಗಿ. ಹೋದಾಗ ಸುಮ್ನೆ "ನಿದ್ದೆ ಇಲ್ಲ" ಅನ್ನಬೇಡಿ, ಮನಸ್ಸಿನ ವಿಷಯವನ್ನೂ ಹೇಳಿ, ಇಲ್ಲದಿದ್ದರೆ ಬರೀ ನಿದ್ದೆ ಮಾತ್ರೆ ಹಿಡಿದು ಮನೆಗೆ ಬರುತ್ತೀರಿ. ಖಿನ್ನತೆಯ ಮಾತ್ರೆ ಪೂರ್ತಿ ಕೆಲಸ ಮಾಡೋಕೆ ಕೆಲವು ವಾರ ಬೇಕು, ನಡುವೆ ನೀವಾಗಿ ನಿಲ್ಲಿಸಬೇಡಿ. ನಿದ್ರಾಹೀನತೆಗೇ ಅಂತ ಸಿಬಿಟಿ-ಐ ಎಂಬ ಮಾತಿನ ಚಿಕಿತ್ಸೆಯಿದೆ, ಅದನ್ನೂ ಕೇಳಿ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ ಅನ್ನಿಸುವಷ್ಟು ಅತಿಯಾದ ಉತ್ಸಾಹದ ದಿನಗಳು ಇದ್ದವೇ? ಹಾಗಿದ್ದರೆ ಅದನ್ನು ವೈದ್ಯರಿಗೆ ಹೇಳದೆ, ನಾನು ಮೇಲೆ ಹೇಳಿದ ಹಾಗೆ ತಡವಾಗಿ ಮಲಗಿ ನಿದ್ದೆಯ ಹೊತ್ತು ಕಡಿಮೆ ಮಾಡಿಕೊಳ್ಳಬೇಡಿ.

ಈಗ ಆ ಕೊನೆಯ ಸಾಲು. "ಬೆಳಗಾಗದೇ ಇದ್ದರೆ ಚೆನ್ನಾಗಿತ್ತು" ಅಂತ ಬರೆದಿದ್ದೀರಿ. ಅದನ್ನು ಓದಿಯೇ ನನಗೆ ಪತ್ರ ಕೆಳಗಿಡೋಕೆ ಆಗಲಿಲ್ಲ. ನೇರವಾಗಿ ಕೇಳುತ್ತೇನೆ, ಸಾಯಬೇಕು ಅನ್ನಿಸುತ್ತಿದೆಯಾ? ಹೌದು ಅನ್ನುವುದಾದರೆ ಮೇಲಿನದ್ದನ್ನೆಲ್ಲ ಬದಿಗಿಡಿ. ಇವತ್ತೇ ಮನೆಯವರೊಬ್ಬರಿಗೆ ಈ ಸಾಲನ್ನು ಇದ್ದ ಹಾಗೇ ತೋರಿಸಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ. ರಾತ್ರಿ ಮೂರಾಗಿದ್ದರೆ ಮೂರಕ್ಕೇ ಎಬ್ಬಿಸಿ. ಪಕ್ಕದ ಕೋಣೆಯಲ್ಲಿ ತಂಗಿ ಮಲಗಿರುತ್ತಾಳೆ ಅಂತ ನೀವೇ ಬರೆದಿದ್ದೀರಲ್ವಾ, ಬಾಗಿಲು ತಟ್ಟಿ. ತಟ್ಟಿದಿರಿ ಅಂತ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ