ಸಹಾಯಾರ್ಥ ಶೋ, ಮುಖಕ್ಕೆ ಕಪ್ಪು

ಪ್ರಶ್ನೆ: ಸಾರ್, ಮಗಳ ಮನೆಗೆ ಅಂತ ಅಮೆರಿಕದ ಓಹಾಯೋಗೆ ಹೋಗಿದ್ವಿ. ಅಲ್ಲಿನ ಒಂದು ಸಣ್ಣ ಊರಿನ ಲೈಬ್ರರಿಲಿ 1949ರ ಫೋಟೋ ನೋಡ್ದೆ, ಸೂಟು ಹಾಕಿರೋ ಗಂಡಸರು ಸ್ಟೇಜ್ ಮೇಲೆ ಅರ್ಧಚಂದ್ರಾಕಾರದಲ್ಲಿ ಕೂತಿದಾರೆ, ಮುಖವೆಲ್ಲ ಕಪ್ಪು, ತುಟಿ ಮಾತ್ರ ದಪ್ಪಗೆ ಬಿಳಿ. ಕೆಳಗೆ ಫೈರ್ ಡಿಪಾರ್ಟ್‌ಮೆಂಟ್ ಸಹಾಯಾರ್ಥ ಅಂತ ಬರೆದಿದೆ. ಮಗಳನ್ನ ಕೇಳಿದ್ರೆ "ಅಪ್ಪಾ, ಇಲ್ಲಿ ಜೋರಾಗಿ ಕೇಳ್ಬೇಡಿ" ಅಂದ್ಲು. ಏನಿದು?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಅದು ಮಿನ್‌ಸ್ಟ್ರೆಲ್ ಶೋ. ಬಿಳಿಯರು ಸುಟ್ಟ ಕಾರ್ಕಿನ ಮಸಿ ಹಚ್ಕೊಂಡು, ಕಪ್ಪುಜನ ಅಂದ್ರೆ ಸೋಮಾರಿ, ಪೆದ್ದ, ಕೋಳಿಕಳ್ಳ ಅಂತ ಆಡಿ ತೋರಿಸಿ ನಗಿಸ್ತಿದ್ರು. 1830ರ ಆಸುಪಾಸಲ್ಲಿ ಥಾಮಸ್ ರೈಸ್ ಅನ್ನೋ ನಟ ಜಿಮ್ ಕ್ರೋ ಅಂತ ಒಂದು ಪಾತ್ರ ಕುಣಿದು ಭಾರೀ ಫೇಮಸ್ ಆದ, ಆಮೇಲೆ ಕಪ್ಪುಜನರನ್ನ ಬೇರೆ ಇಡೋ ಕಾನೂನುಗಳಿಗೂ ಅದೇ ಹೆಸರು ಬಂತು. 1843ರಲ್ಲಿ ನ್ಯೂಯಾರ್ಕಲ್ಲಿ ವರ್ಜಿನಿಯಾ ಮಿನ್‌ಸ್ಟ್ರೆಲ್ಸ್ ಅನ್ನೋ ನಾಲ್ಕು ಜನರ ತಂಡ ಶುರುವಾಯ್ತು, ಅದರ ಡ್ಯಾನ್ ಎಮೆಟ್ ಹುಟ್ಟಿದ್ದು ನೀವು ಹೋಗಿದ್ದ ಓಹಾಯೋದಲ್ಲೇ. ಅವ್ರು ಬಾರಿಸ್ತಿದ್ದ ಬ್ಯಾಂಜೋ ಅನ್ನೋ ತಂತಿವಾದ್ಯ ಮಾತ್ರ ಆಫ್ರಿಕಾ ಮೂಲದ್ದು, ವಾದ್ಯನೂ ಕಪ್ಪುಜನರದೇ, ಅವಮಾನನೂ ಅವರಿಗೇ! ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದ ಕಪ್ಪು ಹೋರಾಟಗಾರ ಫ್ರೆಡ್ರಿಕ್ ಡಗ್ಲಾಸ್ 1848ರಲ್ಲೇ ತನ್ನ ಪತ್ರಿಕೆಲಿ ಈ ನಟರನ್ನ ಬಿಳಿ ಸಮಾಜದ ಹೊಲಸು ಅಂತ ಉಗಿದಿದ್ದ.

ಆದ್ರೆ 1949ರಲ್ಲಿ ಇದು ಹೇಗೆ ಉಳಿದಿತ್ತು ಅನ್ನೋದೇ ಅಸಲಿ ವಿಷ್ಯ. 1920ರ ಹೊತ್ತಿಗೆ ದೊಡ್ಡ ಕಂಪನಿಗಳ ಕಾಲ ಬಹುತೇಕ ಮುಗಿದಿತ್ತು, ಸಣ್ಣ ಊರುಗಳು ಮಾತ್ರ ಬಿಡಲಿಲ್ಲ. ಷಿಕಾಗೋದ ಡೆನಿಸನ್, ಬಾಸ್ಟನ್ನಿನ ಬೇಕರ್ ಥರದ ಪ್ರಕಾಶಕರು ಜೋಕು, ಹಾಡು, ಯಾರು ಎಲ್ಲಿ ಕೂರಬೇಕು ಅನ್ನೋದನ್ನೆಲ್ಲ ಪುಸ್ತಕ ಮಾಡಿ ಪೋಸ್ಟಲ್ಲಿ ಮಾರ್ತಿದ್ರು. ನಡುವೆ ಗಂಭೀರವಾಗಿ ಪ್ರಶ್ನೆ ಕೇಳೋನು, ಎರಡು ತುದಿಲಿ ಟ್ಯಾಂಬೋ, ಬೋನ್ಸ್ ಅನ್ನೋ ಕೋಡಂಗಿಗಳು. ಜೋ ಬ್ರೆನ್ ಅನ್ನೋ ಷಿಕಾಗೋ ಕಂಪನಿಯಂತೂ ಊರೂರಿಗೆ ಡೈರೆಕ್ಟರನ್ನೇ ಕಳಿಸಿ ಲೋಕಲ್ ಜನರಿಗೆ ಪ್ರಾಕ್ಟೀಸ್ ಮಾಡಿಸ್ತಿತ್ತು, ಅಲ್ಲಿ ಕೆಲ್ಸ ಮಾಡ್ತಿದ್ದ ಗಾಸ್ಡೆನ್, ಕರೆಲ್ ಅನ್ನೋ ಇಬ್ಬರು ಬಿಳಿಯರೇ 1928ರಿಂದ ರೇಡಿಯೋಲಿ ಏಮಸ್ ಮತ್ತು ಆಂಡಿ ಅನ್ನೋ ಪಾತ್ರಗಳಾಗಿ ಕಪ್ಪುಜನರ ದನಿ ಅನುಕರಿಸಿ ದೇಶವನ್ನೇ ನಗಿಸಿದ್ದು.

ಲಯನ್ಸ್ ಕ್ಲಬ್ಬು, ಚರ್ಚು, ಸ್ಕೂಲು, ಫೈರ್ ಡಿಪಾರ್ಟ್‌ಮೆಂಟು, ಎಲ್ಲಾರೂ ಫಂಡ್ ಎತ್ತೋಕೆ ಇದನ್ನೇ ಆಡ್ತಿದ್ರು. ಸ್ಟೇಜ್ ಮೇಲೆ ಇರೋರು ಊರಿನ ಡಾಕ್ಟ್ರು, ಅಂಗಡಿಯೋರು, ದುಡ್ಡು ಹೋಗೋದು ಒಳ್ಳೇ ಕೆಲ್ಸಕ್ಕೆ, ಹಾಗಾಗಿ ಪಾಪಪ್ರಜ್ಞೆ ಬರೋಕೆ ಜಾಗನೇ ಇರ್ಲಿಲ್ಲ. ನಿಮ್ಮ ಮಗಳು ಮೆತ್ತಗೆ ಮಾತಾಡಿ ಅಂದಿದ್ದೂ ಇದಕ್ಕೇ ಇರ್ಬೇಕು, ಆ ಫೋಟೋದಲ್ಲಿರೋರ ಮೊಮ್ಮಕ್ಕಳು ಪಕ್ಕದ ಟೇಬಲ್ಲಲ್ಲೇ ಕೂತಿರಬಹುದು. ಹಿಂದೆ ಗುಲಾಮಗಿರಿ ಇದ್ದ ದಕ್ಷಿಣ ರಾಜ್ಯಗಳವರ ರೋಗ ಇದು ಅಂತ ಮಾತ್ರ ಅಂದ್ಕೋಬೇಡಿ, ಉತ್ತರದ ತುದಿಲಿರೋ ವರ್ಮಾಂಟ್ ಯೂನಿವರ್ಸಿಟಿಲಿ ಸ್ಟೂಡೆಂಟ್ಸು ಮುಖಕ್ಕೆ ಬಣ್ಣ ಬಳ್ಕೊಂಡು ಕುಣಿಯೋಕೆ ಶುರುಮಾಡಿದ ಕೇಕ್‌ವಾಕ್ ಹಬ್ಬ 1969ರವರೆಗೂ ನಡೀತು. ತಾವಾಗೇ ನಾಚಿಕೊಂಡು ಬಿಟ್ಟಿದ್ದು ಕಮ್ಮಿ, ಎನ್‌ಎಎಸಿಪಿ ಅನ್ನೋ ಹಕ್ಕುಗಳ ಸಂಘಟನೆ, ಕಪ್ಪು ತಂದೆತಾಯಂದಿರು ಪಟ್ಟು ಹಿಡಿದು ವಿರೋಧಿಸಿದ ಮೇಲೆ ನಿಂತಿದ್ದೇ ಜಾಸ್ತಿ.

ಪ್ರಶ್ನೆ: ಕಪ್ಪುಜನರೂ ಇಂಥ ಶೋಗಳಲ್ಲಿ ಆಡ್ತಿದ್ರಂತೆ, ಹಾಗಾದ್ರೆ ತಪ್ಪೇನು?
– ಓದುಗ, ಹಾಸನ

ಉತ್ತರ: ಆಡ್ತಿದ್ರು. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಅವರದೇ ಟ್ರೂಪುಗಳು ಎಷ್ಟೋ ಹುಟ್ಟಿದ್ವು, ಯಾಕಂದ್ರೆ ರಂಗದಲ್ಲಿ ಅವರಿಗೆ ಸಂಬಳ ಸಿಗ್ತಿದ್ದ ದಾರಿ ಹೆಚ್ಚುಕಮ್ಮಿ ಇದೊಂದೇ. ಬರ್ಟ್ ವಿಲಿಯಮ್ಸ್ ಎಂಥಾ ನಟ ಅಂದ್ರೆ 1910ರಲ್ಲಿ ನ್ಯೂಯಾರ್ಕಿನ ಝೀಗ್‌ಫೆಲ್ಡ್ ಫಾಲೀಸ್ ಅನ್ನೋ ದೊಡ್ಡ ಹಾಡು-ಕುಣಿತದ ಶೋನಲ್ಲಿ ಬಿಳಿ ಸ್ಟಾರ್‌ಗಳ ಜೊತೆ ನಿಂತೋನು, ಅವನೂ ಸ್ವಂತ ಮುಖದ ಮೇಲೆ ಕಾರ್ಕ್ ಬಳ್ಕೊಂಡೇ ಬರಬೇಕಾಗಿತ್ತು. ತಪ್ಪು ಅವನದಾ, ಟಿಕೆಟ್ ತಗೊಂಡೋರದಾ, ನೀವೇ ಹೇಳಿ.