ಪಾಲಿಕೆ ಶಾಲೆಯ ಮಾಳಿಗೆ ಮೇಲೆ ನಾವೇ ಸೇರಿ ಸೋಲಾರ್ ಹಾಕಿಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಪುಣೆಯಲ್ಲಿ ನಿಮ್ಮ ಬಡಾವಣೆಯ ಮೂವತ್ತು ನಲವತ್ತು ಮನೆಯವರು ದುಡ್ಡು ಹಾಕಿ, ಪಕ್ಕದ ಪಾಲಿಕೆ ಶಾಲೆಯ ಮಾಳಿಗೆ ಮೇಲೆ ಸೋಲಾರ್ ಹಾಕಿಸಬೇಕು ಅಂತಿದ್ದೀರಿ. ಪಾಲಿಕೆ ಜೊತೆ ಹೇಗೆ ಮಾತಾಡಬೇಕು, ಎಲ್ಲಿ ಎಡವಬಹುದು ಅಂತ ಕೇಳಿದ್ದೀರಿ. ನಾವು ಇದನ್ನು ಎರಡು ಸಲ ಮಾಡಿದ್ದೇವೆ. ಮೊದಲನೆಯ ಸಲ ತಪ್ಪಾಗಿ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ: ದಾನ ಕೊಡಬೇಡಿ. ಪಾಲುದಾರರಾಗಿ.

ನಾವು ದಾನ ಕೊಟ್ಟೆವು. 2019ರ ಡಿಸೆಂಬರ್. 34 ಮನೆಯವರು ಸೇರಿ ಸುಮಾರು 6 ಲಕ್ಷ ರೂಪಾಯಿ ಕೂಡಿಸಿದ್ದೆವು. ಒಬ್ಬರು 50 ಸಾವಿರ ಕೊಟ್ಟರೆ, ನಮ್ಮ ಕೆಳಗಿನ ಮನೆಯ ಅಜ್ಜಿ ಪೆನ್ಷನ್ ದುಡ್ಡಿನಲ್ಲಿ 2 ಸಾವಿರ ಕೊಟ್ಟರು. 10 ಕಿಲೋವಾಟ್, 330 ವಾಟಿನ 30 ಪ್ಯಾನೆಲ್. ಒಂದು ಪುಟದ ಅನುಮತಿ ಪತ್ರ, ಕೆಳಗೆ ಒಬ್ಬ ಅಧಿಕಾರಿಯ ಸಹಿ. ತೆಂಗಿನಕಾಯಿ ಒಡೆದು ಮಕ್ಕಳಿಗೆ ಪೇಢೆ ಹಂಚಿದೆವು. ಪುಣೆ ಸುತ್ತ ಎರಡು ಮಹಾನಗರ ಪಾಲಿಕೆ, ಮೂರು ಕಂಟೋನ್ಮೆಂಟ್ ಬೋರ್ಡ್, ಮೇಲಿಂದ ಸಣ್ಣ ಊರುಗಳ ನಗರ ಪರಿಷತ್ತುಗಳು ಇವೆ. ನಮ್ಮದು ಯಾವುದು ಅಂತ ಹೇಳುವುದಿಲ್ಲ. ಅಲ್ಲಿ ಒಳ್ಳೆಯವರಿದ್ದಾರೆ, ಈಗಲೂ ಅವರ ಜೊತೆ ಕೆಲಸ ಮಾಡುತ್ತಿದ್ದೇವೆ.

ಮೊದಲ ತೊಂದರೆ ಬಂದದ್ದು ಕೀಲಿಯಿಂದ. ಪುಣೆಯಲ್ಲಿ ಫೆಬ್ರವರಿಯಿಂದ ಮೇವರೆಗೆ ಮಳೆ ಕಮ್ಮಿ, ಸುತ್ತ ಬರೀ ಕಟ್ಟಡ ಕೆಲಸ. ಹದಿನೈದು ದಿನ ಬಿಟ್ಟರೆ ಪ್ಯಾನೆಲ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು. ಮೇಲಿಂದ ಪಾರಿವಾಳ. ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಬಕೆಟ್, ಉದ್ದ ಕೋಲಿನ ಮಾಪ್ ಹಿಡಿದು ನಾಲ್ಕು ಜನ ಹೋದೆವು. ಬಿಸಿಲೇರಿದ ಮೇಲೆ ಕಾದ ಗಾಜಿಗೆ ತಣ್ಣೀರು ಹಾಕಬಾರದು, ಅದಕ್ಕೇ ಅಷ್ಟು ಬೇಗ. ಶಾಲೆಯ ಶಿಪಾಯಿ ಅಕ್ಕಲಕೋಟೆ ಕಡೆಯವರು, ಮನೆಯಲ್ಲಿ ಕನ್ನಡವೇ. ನಾನು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನವನು.

"ಕಾಕಾ, ಮಾಳಗಿ ಕೀಲಿ ಕೊಡ್ರಿ. ಅರ್ಧ ತಾಸಿನಾಗ ತೊಳದು ಇಳಿತೀವಿ."

"ಕೀಲಿ ನನ್ನ ಕಡಿ ಇಲ್ರಿ ಸರ. ಹೆಡ್ ಮೇಡಂ ಕಡಿ ಐತ್ರಿ. ಅವರು ನಾಳೆ ಬರ್ತಾರ."

ಮೇಡಂ ಒಳ್ಳೆಯವರೇ. ಆದರೆ ಹೊರಗಿನವರಿಗೆ ಕೀಲಿ ಕೊಡಬೇಕಾದರೆ ಮೇಲಿನ ಆಫೀಸಿನ ಚೀಟಿ ಬೇಕು ಅಂದರು. ಅವರ ಮಾತಲ್ಲಿ ತಪ್ಪೇನೂ ಇಲ್ಲ. ಮಕ್ಕಳಿರುವ ಜಾಗ. ಚೀಟಿ ಸಿಗಲು ಐದು ವಾರ ಹಿಡಿಯಿತು. ಕೊನೆಗೆ ತೊಳೆದಾಗ ದಿನದ ಉತ್ಪಾದನೆ 33 ಯೂನಿಟ್‌ನಿಂದ 41ಕ್ಕೆ ಏರಿತು. ಐದು ವಾರ ದಿನಾ ಎಷ್ಟು ಕಳೆದುಕೊಂಡೆವು ಅಂತ ಲೆಕ್ಕ ಹಾಕಿ ಹೊಟ್ಟೆ ಉರಿಯಿತು.

ಆಮೇಲೆ ಕೊರೊನಾ. ಶಾಲೆ ಮುಚ್ಚಿತು. ಕರೆಂಟೆಲ್ಲ ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪನಿಯ ಲೈನಿಗೆ ಹೋಯಿತು. ನೆಟ್ ಮೀಟರಿಂಗ್‌ನಲ್ಲಿ (ಗ್ರಿಡ್‌ಗೆ ಕೊಟ್ಟದ್ದನ್ನು ಬಳಸಿದ್ದರಲ್ಲಿ ಕಳೆಯುವ ವ್ಯವಸ್ಥೆ) ಯೂನಿಟ್‌ಗಳು ಜಮಾ ಆಗುತ್ತವೆ, ನಿಜ. ಆದರೆ ಮಾರ್ಚ್ ಕೊನೆಗೆ ಉಳಿದ ಯೂನಿಟ್‌ಗೆ ಸಿಗುವ ದರ ತೀರಾ ಕಮ್ಮಿ. ಕೊರೊನಾ ಇಲ್ಲದಿದ್ದರೂ ನಮ್ಮ ಲೆಕ್ಕ ತಪ್ಪಿತ್ತು. 10 ಕಿಲೋವಾಟ್‌ಗೆ ಪುಣೆ ಬಿಸಿಲಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 14 ಸಾವಿರ ಯೂನಿಟ್ ಬರುತ್ತದೆ. ಶಾಲೆ ಸುಡುತ್ತಿದ್ದದ್ದು 9 ಸಾವಿರ. ಫ್ಯಾನು, ಟ್ಯೂಬ್‌ಲೈಟು, ಒಂದು ಕಂಪ್ಯೂಟರ್ ಕೋಣೆ, ಅಷ್ಟೇ. ಮಾಳಿಗೆ ದೊಡ್ಡದಿದೆ ಅಂತ ದೊಡ್ಡದು ಹಾಕಿದ್ದೆವು. ನೀವು ಮೊದಲು ಶಾಲೆಯ 12 ತಿಂಗಳ ಬಿಲ್ ತರಿಸಿಕೊಂಡು ನೋಡಿ. ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತಲೂ ನೋಡಿ, ಅದಕ್ಕಿಂತ ಜಾಸ್ತಿ ಸೋಲಾರ್‌ಗೆ ನೆಟ್ ಮೀಟರ್ ಸಿಗುವುದಿಲ್ಲ.

2021ರ ಮಳೆಗಾಲದಲ್ಲಿ ನಾಲ್ಕನೇ ಇಯತ್ತೆಯ ಕೋಣೆ ಸೋರಿತು. ಸೋಲಾರ್ ಸ್ಟ್ಯಾಂಡಿನ ಬೋಲ್ಟಿನಿಂದ ಸೋರಿತು ಅಂತ ಒಬ್ಬರು, ಹಳೆ ಸ್ಲ್ಯಾಬ್ ಮೊದಲಿಂದಲೂ ಸೋರುತ್ತಿತ್ತು ಅಂತ ಇನ್ನೊಬ್ಬರು. ವಾಟರ್‌ಪ್ರೂಫಿಂಗ್ ಮಾಡಬೇಕು, ಪ್ಯಾನೆಲ್ ಇಳಿಸಿ ಅಂತ ಇಂಜಿನಿಯರ್ ಬರೆದರು. ಇಳಿಸಿದರು. ಮತ್ತೆ ಏರಿಸುವ ಖರ್ಚು ಯಾರದ್ದು? ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಹಿ ಹಾಕಿದ ಅಧಿಕಾರಿಗೆ ವರ್ಗಾವಣೆ ಆಗಿತ್ತು. ಹೊಸಬರಿಗೆ ಫೈಲೇ ಸಿಗಲಿಲ್ಲ. ನಾವೇ ಖರ್ಚು ಹಾಕಿ ಏರಿಸುತ್ತೇವೆ ಅಂದೆವು. ಅದಕ್ಕೂ ದಾರಿ ಇರಲಿಲ್ಲ, ಯಾಕೆಂದರೆ ಪ್ಯಾನೆಲ್ ನಮ್ಮದಲ್ಲ. ದಾನಪತ್ರಕ್ಕೆ ಸಹಿ ಹಾಕಿದ ದಿನವೇ ಅದು ಅವರ ಆಸ್ತಿ. ಒಂದು ನಟ್ಟು ಮುಟ್ಟುವ ಹಕ್ಕೂ ನಮಗಿರಲಿಲ್ಲ.

14 ತಿಂಗಳು ಆ 30 ಪ್ಯಾನೆಲ್ ಶಾಲೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದವು. ನೀಲಿ ತಾಡಪತ್ರಿ ಹೊದಿಸಿದ್ದರು. ಒಮ್ಮೆ ಹೋದಾಗ ತಾಡಪತ್ರಿ ಜಾರಿತ್ತು. ಮುಂದಿನ ಗಾಜಿನ ಧೂಳಿನಲ್ಲಿ ಯಾವುದೋ ಮಗು ಬೆರಳಿನಿಂದ 7ರ ಮಗ್ಗಿ ಬರೆದಿತ್ತು. 35ಕ್ಕೆ ನಿಂತಿತ್ತು. ಗಂಟೆ ಬಾರಿಸಿರಬೇಕು. ಅಜ್ಜಿ ಅಷ್ಟೊತ್ತಿಗೆ ತೀರಿಕೊಂಡಿದ್ದರು. ಅವರ 2 ಸಾವಿರ ನೆನಪಾಗಿ ಅಲ್ಲಿ ನಿಲ್ಲಲಾಗಲಿಲ್ಲ.

ಆಮೇಲೆ ಓದಲು ಶುರು ಮಾಡಿದೆ. ಬೇರೆಯವರು ಹೇಗೆ ಮಾಡಿದ್ದಾರೆ?

ಡೆನ್ಮಾರ್ಕಿನ ಕೋಪನ್‌ಹೇಗನ್ ಹತ್ತಿರ ಸಮುದ್ರದಲ್ಲಿ ಮಿಡ್ಡೆಲ್‌ಗ್ರುಂಡೆನ್ ಅಂತ ಒಂದು ಗಾಳಿ ವಿದ್ಯುತ್ ಕೇಂದ್ರ ಇದೆ. 2000ದಲ್ಲಿ ಕಟ್ಟಿದ್ದು. 20 ಗಾಳಿಯಂತ್ರ, 40 ಮೆಗಾವಾಟ್. ಕಟ್ಟಿದಾಗ ಅರ್ಧ ನಗರದ ವಿದ್ಯುತ್ ಸಂಸ್ಥೆಯದ್ದು, ಉಳಿದರ್ಧ ಜನರ ಸಹಕಾರ ಸಂಘದ್ದು. ಸಂಘಕ್ಕೆ ಎಂಟು ಸಾವಿರಕ್ಕೂ ಜಾಸ್ತಿ ಸದಸ್ಯರು. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 2013ರಲ್ಲಿ ನಗರಸಭೆಯೇ ಕೈಹಿಡಿದು ಜನರ ಇಂಧನ ಸಂಸ್ಥೆ ಕಟ್ಟಿಸಿತು. ಆ ಸಂಸ್ಥೆ ಜನರಿಂದ ಷೇರು ದುಡ್ಡು ಕೂಡಿಸಿ ಶಾಲೆಗಳ ಮೇಲೆ ಸೋಲಾರ್ ಹಾಕಿತು. ಎರಡೂ ಕಡೆ ಜನ ದಾನಿಗಳಲ್ಲ, ಒಡೆಯರು. ಕೆಟ್ಟರೆ ರಿಪೇರಿ ಮಾಡುವ ಹೊಣೆ ಅವರದ್ದೇ, ಮಾಡುವ ಹಕ್ಕೂ ಅವರದ್ದೇ.

ಅಷ್ಟು ದೂರ ಯಾಕೆ ಹೋಗಬೇಕು, ಅಲ್ವಾ? ನಮ್ಮ ಹುಕ್ಕೇರಿಯಲ್ಲಿ ಕರೆಂಟ್ ಹೋದರೆ ಜನ ಹೆಸ್ಕಾಂ ಅನ್ನುವುದಿಲ್ಲ, "ಸೊಸೈಟಿಗೆ ಫೋನ್ ಹಚ್ಚು" ಅನ್ನುತ್ತಾರೆ. 1969ರ ಸುಮಾರಿಗೆ ದೇಶದ ಐದು ಕಡೆ ಪ್ರಯೋಗಕ್ಕೆ ಅಂತ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿದರು. ಕರ್ನಾಟಕದ್ದು ಹುಕ್ಕೇರಿ. ಮಹಾರಾಷ್ಟ್ರದ್ದು ಶ್ರೀರಾಂಪುರದ ಮುಳಾ ಪ್ರವರಾ. ಹುಕ್ಕೇರಿಯದ್ದು ಇನ್ನೂ ನಡೆಯುತ್ತಿದೆ. ಮುಳಾ ಪ್ರವರಾ ಸಂಘದ ಬಾಕಿ ಏರುತ್ತಾ ಹೋಗಿ, 2011ರಲ್ಲಿ ಪರವಾನಗಿ ಹೋಯಿತು, ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ಕಂಪನಿ ಮಹಾವಿತರಣ ವಹಿಸಿಕೊಂಡಿತು. ಜನರದ್ದು ಅಂದ ಮಾತ್ರಕ್ಕೆ ಲೆಕ್ಕ ಬಿಡುವ ಹಾಗಿಲ್ಲ ಅಂತ ನಮ್ಮ ಸಭೆಯಲ್ಲಿ ಇದನ್ನೇ ಹೇಳಿದೆ.

ಪುಣೆಯಲ್ಲೇ ದಿನಾ ಕಣ್ಣಿಗೆ ಬೀಳುವ ಉದಾಹರಣೆ ಕಸದವರು. ಸ್ವಚ್ಛ್ ಸಹಕಾರ ಸಂಘ ಕಸ ಆಯುವವರದ್ದೇ, ಹೆಚ್ಚಿನವರು ಹೆಣ್ಣುಮಕ್ಕಳು. 2008ರಲ್ಲಿ ಪುಣೆ ಮಹಾನಗರ ಪಾಲಿಕೆ ಜೊತೆ ಐದು ವರ್ಷದ ಒಪ್ಪಂದ ಮಾಡಿಕೊಂಡರು. ಮನೆಮನೆಯವರು ತಿಂಗಳ ದುಡ್ಡು ನೇರವಾಗಿ ಅವರಿಗೇ ಕೊಡುತ್ತಾರೆ. ಅವಧಿ ಮುಗಿದ ಮೇಲೆ ನವೀಕರಣಕ್ಕೆ ಮತ್ತೆ ಮತ್ತೆ ಕಾಯಬೇಕಾಯಿತು. ಅಷ್ಟು ದೊಡ್ಡ, ಅಷ್ಟು ಗಟ್ಟಿ ಸಂಘಕ್ಕೇ ಹೀಗಾದರೆ ನಮ್ಮಂಥವರ ಗತಿ? ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇರುತ್ತದೆ. ಐದು ವರ್ಷದ ಕಾಗದದ ಮೇಲೆ ಅದನ್ನು ನಿಲ್ಲಿಸಬೇಡಿ.

ಈಗ ಎರಡನೆಯ ಸಲದ ಕತೆ.

ಮೊದಲು ನೋಂದಾಯಿತ ಸಂಸ್ಥೆ ಆದೆವು. 34 ಮನೆಗಳ ವಾಟ್ಸಾಪ್ ಗುಂಪಿನ ಜೊತೆ ಯಾವ ಪಾಲಿಕೆಯೂ ಒಪ್ಪಂದ ಮಾಡುವುದಿಲ್ಲ, ಮಾಡಲೂಬಾರದು. ಆಮೇಲೆ ಒಂದೂವರೆ ವರ್ಷ ಓಡಾಟ. 2022ರ ಮಾರ್ಚ್‌ಗೆ ಪುಣೆ, ಪಿಂಪ್ರಿ-ಚಿಂಚವಡ ಎರಡೂ ಪಾಲಿಕೆಗಳ ಚುನಾಯಿತ ಸಭೆಯ ಅವಧಿ ಮುಗಿದು ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು ಇತ್ತು. ನಗರಸೇವಕರನ್ನು, ಅಂದರೆ ಚುನಾಯಿತ ಪಾಲಿಕೆ ಸದಸ್ಯರನ್ನು ನಂಬಿ ಕೂತವರ ಫೈಲು ಎಷ್ಟೋ ಅಲ್ಲೇ ನಿಂತವು. ಹಾಗಾಗಿ ಒಪ್ಪಂದದಲ್ಲಿ ಯಾರ ಹೆಸರೂ ಬೇಡ, ಹುದ್ದೆ ಬರೆಸಿ. ಯಾರೇ ಬರಲಿ, ಆ ಕುರ್ಚಿಯಲ್ಲಿ ಕೂತವರು ಹೊಣೆ.

ಸುಮ್ನೆ ನಿಮಗೇ ಹೇಗೆ ಕೊಡುವುದು, ಬೇರೆಯವರು ಕೇಳಿದರೆ? ಅಂತ ಕಾನೂನು ವಿಭಾಗದವರು ಕೇಳಿದರು. ನ್ಯಾಯವಾದ ಪ್ರಶ್ನೆ. ಎಲ್ಲರಿಂದ ಪ್ರಸ್ತಾವ ಕರೆಯಿರಿ, ನಾವೂ ಹಾಕುತ್ತೇವೆ ಅಂದೆವು. ಕರೆದರು. ಇದಕ್ಕೇ ಎಂಟು ತಿಂಗಳು ಹೋಯಿತು. ಆದರೆ ಈಗ ಯಾರೂ ಬೆರಳು ತೋರಿಸುವ ಹಾಗಿಲ್ಲ.

ಶಾಲೆಯ 30 ಪ್ಯಾನೆಲ್ ಅವರದ್ದಾಗಿಯೇ ಉಳಿದವು, ನೋಡಿಕೊಳ್ಳುವ ಹೊಣೆ ಬರಹದಲ್ಲಿ ನಮಗೆ ಬಂತು. ಪಕ್ಕದ ನೀರಿನ ಪಂಪ್‌ಹೌಸ್ ಮೇಲೆ ಹೊಸದಾಗಿ 20 ಕಿಲೋವಾಟ್ ಹಾಕಿದೆವು. ಅದು ನಮ್ಮ ಸಂಸ್ಥೆಯದ್ದು. ಆ ಕರೆಂಟನ್ನು ಪಾಲಿಕೆ ನಮ್ಮಿಂದ ಕೊಳ್ಳುತ್ತದೆ, ಅವರು ಮೊದಲು ಕಟ್ಟುತ್ತಿದ್ದಕ್ಕಿಂತ ಕಮ್ಮಿ ದರಕ್ಕೆ. ಪಂಪ್‌ಹೌಸ್ ಯಾಕೆ? ಅಲ್ಲಿ ರಜೆ ಇಲ್ಲ. ದಿನಾ ಹಗಲು ಮೋಟರು ಓಡುತ್ತದೆ, ಬಂದ ಕರೆಂಟ್ ಅಲ್ಲೇ ಖರ್ಚಾಗುತ್ತದೆ. ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯ ಕತೆ ಗೊತ್ತಾ? 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಅಡುಗೆಗೆ ಅಂದಾಗ ಎಲ್ಲ ಮನೆಗೂ ಗ್ಯಾಸ್ ಸಾಲಲಿಲ್ಲ. ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿ ಕುಡಿಯುವ ನೀರು ಎತ್ತಿ ನಲ್ಲಿಗೆ ಕೊಟ್ಟಾಗ ಊರೇ ಸಗಣಿ ತಂದು ಹಾಕಿತು. ನೀರು ಎಲ್ಲರಿಗೂ ಬೇಕು. ನಮ್ಮಲ್ಲೂ ಹಾಗೇ ಆಯಿತು. ಶಾಲೆಗೆ ಅಂತ ಕೇಳಿದಾಗ ಹಿಂದೆ ಸರಿದವರು ಪಂಪ್‌ಹೌಸ್ ಅಂದ ಕೂಡಲೇ ಬಂದರು.

ಒಪ್ಪಂದ 11 ಪುಟ ಇದೆ. 25 ವರ್ಷ ಕೇಳಿದೆವು, 15 ಸಿಕ್ಕಿತು, ಮುಂದುವರಿಸಲು ಅವಕಾಶ ಇದೆ. ಅದರಲ್ಲಿ ನಾನು ಜಗಳ ಮಾಡಿ ಬರೆಸಿದ್ದು ಹೇಳುತ್ತೇನೆ. ಮಾಳಿಗೆ ಕೀಲಿಯ ಒಂದು ಪ್ರತಿ ನಮ್ಮ ಹತ್ತಿರ, ಹೋಗಿ ಬಂದದ್ದಕ್ಕೆ ಶಾಲೆಯಲ್ಲಿ ರಿಜಿಸ್ಟರ್. ಹಾಕುವ ಮುಂಚೆ ಎರಡೂ ಕಡೆಯವರು ನಿಂತು ಸ್ಲ್ಯಾಬಿನ ಫೋಟೋ ತೆಗೆಯಬೇಕು, ವಾಟರ್‌ಪ್ರೂಫಿಂಗ್ ಅದಕ್ಕೂ ಮೊದಲೇ ಪಾಲಿಕೆ ಮಾಡಿಸಬೇಕು. ಸ್ಲ್ಯಾಬ್ ಕೆಲಸಕ್ಕೆ ಅಂತ ಇಳಿಸಿದರೆ ಖರ್ಚು ಅವರದ್ದು, 60 ದಿನದೊಳಗೆ ಮತ್ತೆ ಏರಬೇಕು. ಬೋಲ್ಟಿನಿಂದ ಸೋರಿದರೆ ಖರ್ಚು ನಮ್ಮದು. ಬಿಲ್ ತಡವಾದರೆ ಬಡ್ಡಿ. ಪ್ಯಾನೆಲ್‌ನ ಕರೆಂಟನ್ನು ಬಳಸುವ ಹಾಗೆ ಬದಲಿಸುವ ಇನ್ವರ್ಟರ್, ಪ್ಯಾನೆಲ್ ಬಾಳಿದಷ್ಟು ಬಾಳುವುದಿಲ್ಲ, ಹತ್ತು ವರ್ಷದ ಆಸುಪಾಸು ಬದಲಿಸಬೇಕಾಗುತ್ತದೆ. ಅದಕ್ಕೆ ಅಂತ ಪ್ರತಿ ತಿಂಗಳು ಬೇರೆ ಖಾತೆಗೆ ದುಡ್ಡು ತೆಗೆದಿಡುತ್ತೇವೆ.

ಸಬ್ಸಿಡಿ ಬಗ್ಗೆಯೂ ಕೇಳಿದ್ದಿರಿ. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಮನೆಗಳಿಗೆ ಮಾತ್ರ: 2 ಕಿಲೋವಾಟ್‌ವರೆಗೆ ಕಿಲೋವಾಟ್‌ಗೆ 30 ಸಾವಿರ, 3 ಅಥವಾ ಜಾಸ್ತಿಗೆ ಒಟ್ಟು 78 ಸಾವಿರ. ಹೌಸಿಂಗ್ ಸೊಸೈಟಿಯ ಲಿಫ್ಟು, ನೀರಿನ ಮೋಟರು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವಾಟ್‌ಗೆ 18 ಸಾವಿರ. ಪಾಲಿಕೆ ಶಾಲೆಗೆ ಅದು ಸಿಗುವುದಿಲ್ಲ, ಲೆಕ್ಕದಲ್ಲಿ ಸೇರಿಸಬೇಡಿ. ನಿಮ್ಮ ಸ್ವಂತ ಸೊಸೈಟಿಯಲ್ಲಿ ಸೋಲಾರ್ ಇನ್ನೂ ಇಲ್ಲದಿದ್ದರೆ ಅದನ್ನು ಮೊದಲು ಮಾಡಿ. ಅಲ್ಲಿ ಕಲಿತದ್ದು ಪಾಲಿಕೆ ಜೊತೆ ಮಾತಾಡುವಾಗ ಬಲ ಕೊಡುತ್ತದೆ.

ಇನ್ನೊಂದು ವಿಷಯ ಮುಖ್ಯೋಪಾಧ್ಯಾಯರಿಗೆ ಮೊದಲೇ ಹೇಳಿಬಿಡಿ. ಬ್ಯಾಟರಿ ಇಲ್ಲದ ಸೋಲಾರ್ ಇದ್ದರೆ, ಗ್ರಿಡ್ ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವಕ್ಕೆ ಅಪಾಯ ಆಗಬಾರದು ಅಂತ ಹಾಗೆ ಮಾಡಿರುತ್ತಾರೆ. ನಾವು ಹೇಳಿರಲಿಲ್ಲ. ಬಿಸಿಲು ಕಾಯುತ್ತಿದೆ, ಫ್ಯಾನ್ ತಿರುಗುತ್ತಿಲ್ಲ, ನಿಮ್ಮ ಸೋಲಾರ್ ಕೆಟ್ಟಿದೆ ಅಂತ ಮೇಡಂ ಬೇಜಾರಾಗಿದ್ದರು.

ಮಾಡಿ, ಖಂಡಿತ ಮಾಡಿ. ಆ 30 ಪ್ಯಾನೆಲ್ ಈಗ ಮೇಲಿವೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ತೊಳೆಯುತ್ತೇವೆ. ಶಿಪಾಯಿ ಕಾಕಾ ಪೈಪ್ ಹಿಡಿಯುತ್ತಾರೆ, ಚಹಾ ಅವರ ಮನೆಯಿಂದ. ನಿಮಗೆ ಬೇಕಿದ್ದರೆ ಒಪ್ಪಂದದ ನಕಲು ಕೊಡುತ್ತೇನೆ, ನಮ್ಮ ಲೆಕ್ಕದ ಹಾಳೆಯನ್ನೂ ಕೊಡುತ್ತೇನೆ. ಅದಕ್ಕೂ ಮುಂಚೆ ನಾಳೆ ಆ ಶಾಲೆಗೆ ಹೋಗಿ ಎರಡು ವಿಷಯ ಕೇಳಿಕೊಂಡು ಬನ್ನಿ: ಕಳೆದ 12 ತಿಂಗಳ ಬಿಲ್ ಸಿಗುತ್ತದಾ, ಮಾಳಿಗೆ ಕೀಲಿ ಯಾರ ಹತ್ತಿರ ಇದೆ.